ಕೆಂಪು ನೆಲದ ಮನೆ ಮತ್ತು ಕೆಂಪು-ಸಯಾನ್ ಕನ್ನಡಕ: ಒಂದು ಅನಾಗ್ಲಿಫ್ ಪ್ರಕರಣ

ಚಿಕ್ಕಪ್ಪನ ಮನೆ ಬಿಚ್ಚುವುದು ಅಂತ ನಿಗದಿಯಾದದ್ದು ಮಾರ್ಚ್ ತಿಂಗಳಲ್ಲಿ. ಸಾಗರದಿಂದ ತಾಳಗುಪ್ಪಕ್ಕೆ ಹೋಗುವ ದಾರಿಯಲ್ಲಿ ಒಳಗೆ ತಿರುಗಿದರೆ ಸಿಗುವ ಹಳೇ ತೊಟ್ಟಿ ಮನೆ. ಪಕಾಸಿಗಳಿಗೆ ಗೆದ್ದಲು ಹಿಡಿದಿತ್ತು, ಹಿಂದಿನ ಮಳೆಗಾಲದಲ್ಲಿ ಒಂದು ಕಡೆಯ ಮಾಡು ಕೂತುಬಿಟ್ಟಿತ್ತು. ಇನ್ನೊಂದು ಮಳೆ ತಡೆಯುವುದಿಲ್ಲ ಅಂತ ಎಲ್ಲರಿಗೂ ಗೊತ್ತಿತ್ತು. ನಾವೆಲ್ಲ ಬೇಸಿಗೆ ರಜೆ ಕಳೆದ ಮನೆ ಅದು. ಈಗ ಒಬ್ಬೊಬ್ಬರು ಒಂದೊಂದು ಊರಲ್ಲಿದ್ದಾರೆ.

ಸಾದಾ ಫೋಟೋ ಬೇಕಾದಷ್ಟು ಇದ್ದವು. ಆದರೆ ಆ ಮನೆಯ ಗುಣ ಇರುವುದೇ ಆಳದಲ್ಲಿ. ಜಗಲಿಯಲ್ಲಿ ನಿಂತರೆ ಎದುರಿಗೆ ಮುಂಡಿಗೆ, ಅದರ ಹಿಂದೆ ತೊಟ್ಟಿ, ತೊಟ್ಟಿಯ ಆಚೆ ಮತ್ತೊಂದು ಸಾಲು ಕಂಬ, ಅದರಾಚೆ ದೇವರ ಕೋಣೆಯ ಸಣ್ಣ ಬಾಗಿಲು. ಸಾದಾ ಫೋಟೋದಲ್ಲಿ ಇದೆಲ್ಲ ಒಂದರ ಮೇಲೊಂದು ಅಂಟಿಸಿದ ಹಾಗೆ ಚಪ್ಪಟೆಯಾಗುತ್ತದೆ. ಹಾಗಾಗಿ ಅನಾಗ್ಲಿಫ್ ಮಾಡೋಣ ಅಂದುಕೊಂಡೆ. ಒಂದು ಕಣ್ಣಿಗೆ ಕೆಂಪು, ಇನ್ನೊಂದಕ್ಕೆ ಸಯಾನ್, ಅಂದರೆ ಹಸಿರು ಸೇರಿದ ನೀಲಿ ಹಾಳೆ ಇರುವ ರಟ್ಟಿನ ಕನ್ನಡಕ ಹಾಕಿ ನೋಡಿದರೆ ಆಳ ಕಾಣುವ ಫೋಟೋ. ಕನ್ನಡಕ ಅಗ್ಗ. 40 ತರಿಸಿ ನೆಂಟರಿಗೆಲ್ಲ ಅಂಚೆಯಲ್ಲಿ ಕಳಿಸಿದೆ, ಫೋಟೋಗಳನ್ನು ಮನೆಯವರ ಗ್ರೂಪಿಗೆ ಹಾಕಿದೆ.

ಮೊದಲ ಉತ್ತರ ಚಿಕ್ಕಪ್ಪನದೇ. "ಇದೆಂತ ಮಾರಾಯಾ, ಕಂಬ ಎರಡೆರಡು ಕಾಣ್ತದೆ." ಆಮೇಲೆ ಬೆಂಗಳೂರಿನ ಅತ್ತೆ: "ನೆಲ ನೋಡಿದ್ರೆ ಕಣ್ಣು ಉರೀತದೆ." ದೊಡ್ಡಮ್ಮನ ಮಗನಿಗೆ ಆಳವೇನೋ ಕಂಡಿತ್ತು, ಆದರೆ ಉಲ್ಟಾ: ಕಂಬ ಒಳಗೆ ಹೋಗಿ ಗೋಡೆ ಮುಂದೆ ಬಂದಿತ್ತು. ನನಗೆ ಬೇಜಾರಾಯಿತು, ಏಕೆಂದರೆ ನನ್ನ ಕಂಪ್ಯೂಟರಿನಲ್ಲಿ ಅದೇ ಫೋಟೋ ಹೆಚ್ಚು ಕಡಿಮೆ ಚೆನ್ನಾಗೇ ಕಂಡಿತ್ತು, ಮತ್ತು ಅಷ್ಟರಲ್ಲಿ ಮನೆಯ ಹೆಂಚು ಇಳಿಸಲು ಶುರು ಮಾಡಿಯಾಗಿತ್ತು. ಮತ್ತೆ ಹೋಗಿ ತೆಗೆಯುವ ಹಾಗಿರಲಿಲ್ಲ. ಕೈಯಲ್ಲಿದ್ದ ಜೋಡಿಗಳಿಂದಲೇ, ಅಂದರೆ ಎಡಗಣ್ಣಿಗೊಂದು ಬಲಗಣ್ಣಿಗೊಂದು ಅಂತ ತೆಗೆದಿದ್ದ ಎರಡೆರಡು ಫೋಟೋಗಳಿಂದಲೇ ಸರಿ ಮಾಡಬೇಕಿತ್ತು. ಹೇಗೆ ಮಾಡಿದೆ, ಎಲ್ಲಿ ತಪ್ಪಿದ್ದೆ ಅನ್ನುವುದನ್ನು ಪೂರ್ತಿ ಬರೆಯುತ್ತೇನೆ. ಇಂಥ ಮನೆಗಳು ನಮ್ಮ ಕಡೆ ಪ್ರತಿ ವರ್ಷ ಬಿಚ್ಚುತ್ತಲೇ ಇವೆ, ಯಾರಿಗಾದರೂ ಬೇಕಾದೀತು.

ಉಲ್ಟಾ ಕಂಡದ್ದು ಸುಲಭದ ವಿಷಯ, ಮುಗಿಸಿಬಿಡುತ್ತೇನೆ. ಅಣ್ಣ ಕನ್ನಡಕವನ್ನು ತಿರುಗಿಸಿ ಹಾಕಿಕೊಂಡಿದ್ದ. ಕೆಂಪು ಯಾವಾಗಲೂ ಎಡಗಣ್ಣಿಗೆ. ಈಗ ಪ್ರತಿ ಫೋಟೋದ ಕೆಳಗೆ ಬೂದು ಬಣ್ಣದಲ್ಲಿ "ಕೆಂಪು ಎಡಗಣ್ಣಿಗೆ" ಅಂತ ಬರೆದಿರುತ್ತೇನೆ. ಬೂದು ಏಕೆ ಅಂದರೆ ಎರಡೂ ಕಣ್ಣಿಗೆ ಒಂದೇ ಥರ ಕಾಣುತ್ತದೆ. ಕೆಂಪಕ್ಷರದಲ್ಲಿ ಬರೆದರೆ ಒಂದು ಕಣ್ಣಿಗೆ ಉಂಟು, ಇನ್ನೊಂದಕ್ಕೆ ಇಲ್ಲ.

ಉಳಿದ ಎರಡು ದೂರುಗಳು ಗಟ್ಟಿಯಾದವು. ಅವು ಅರ್ಥವಾಗಬೇಕಾದರೆ ಈ ಫೈಲಿನೊಳಗೆ ಏನಿದೆ ಅಂತ ಗೊತ್ತಿರಬೇಕು. ಡಿಜಿಟಲ್ ಫೋಟೋದಲ್ಲಿ ಕೆಂಪು, ಹಸಿರು, ನೀಲಿ ಅಂತ ಮೂರು ಪದರ ಇರುತ್ತವೆ ಅಲ್ವಾ, ಚಾನೆಲ್ ಅಂತಾರೆ. ಎಡಗಣ್ಣಿನ ಫೋಟೋದಿಂದ ಕೆಂಪು ಚಾನೆಲ್ ಮಾತ್ರ ತೆಗೆದುಕೊಳ್ಳುತ್ತೇವೆ. ಬಲಗಣ್ಣಿನ ಫೋಟೋದಿಂದ ಹಸಿರು ಮತ್ತು ನೀಲಿ. ಮೂರನ್ನೂ ಸೇರಿಸಿದರೆ ಅನಾಗ್ಲಿಫ್. ಕನ್ನಡಕದ ಕೆಂಪು ಹಾಳೆ ಎಡ ಫೋಟೋವನ್ನು ಮಾತ್ರ ಕಣ್ಣಿಗೆ ಬಿಡುತ್ತದೆ, ಸಯಾನ್ ಹಾಳೆ ಬಲ ಫೋಟೋವನ್ನು ಮಾತ್ರ. ಈ ಉಪಾಯ ಹೊಸದಲ್ಲ. ಎರಡು ಕಣ್ಣಿಗೆ ಎರಡು ಚಿತ್ರ ತೋರಿಸಿದರೆ ಆಳ ಕಾಣುತ್ತದೆ ಅಂತ ಇಂಗ್ಲೆಂಡಿನ ವಿಜ್ಞಾನಿ ವೀಟ್‌ಸ್ಟನ್ 1838ರಲ್ಲೇ ತೋರಿಸಿದ್ದ, ಬಣ್ಣದಿಂದ ಬೇರ್ಪಡಿಸುವುದನ್ನು 1853ರಲ್ಲಿ ಜರ್ಮನಿಯ ರೋಲ್‌ಮನ್ ವಿವರಿಸಿದ, 1891ರಲ್ಲಿ ಫ್ರಾನ್ಸಿನ ಡ್ಯುಕೋ ಡ್ಯು ಓರಾನ್ ಅದನ್ನು ಎರಡು ಶಾಯಿಯ ಅಚ್ಚಿಗೆ ತಂದ. ಅವನಿಗೆ ಒಂದು ಅನುಕೂಲ ಇತ್ತು. ಕಾಗದದ ಮೇಲೆ ಬಿದ್ದ ಎರಡು ಶಾಯಿಗಳನ್ನು ಆಮೇಲೆ ಯಾರೂ ಬಂದು ಕಲೆಸುತ್ತಿರಲಿಲ್ಲ.

ಇಂಟರ್ನೆಟ್ಟಿನಲ್ಲಿ ಕಲೆಸುತ್ತಾರೆ. ನನ್ನ ಇಡೀ ತೊಂದರೆ ಇದೇ. ಆಳ ಪೂರ್ತಿ ಬಣ್ಣದಲ್ಲಿ ಅಡಗಿ ಕೂತಿದೆ, ಮತ್ತು ಫೋಟೋದ ಫೈಲು ಸಣ್ಣದು ಮಾಡಲು ಎಲ್ಲರೂ ಬಳಸುವ ವಿಧಾನಗಳು ಮೊದಲು ಬಿಸಾಕುವುದು ಬಣ್ಣದ ವಿವರವನ್ನೇ.

ಗ್ರೂಪಿನಲ್ಲಿ ಹಾಕಿದ ಫೋಟೋವನ್ನು ನಾನೇ ಮತ್ತೆ ಇಳಿಸಿಕೊಂಡೆ. ಜಿಂಪ್ ಅನ್ನುವ ಫೋಟೋ ತಿದ್ದುವ ಉಚಿತ ಸಾಫ್ಟ್‌ವೇರ್‌ನಲ್ಲಿ ತೆರೆದು ಚಾನೆಲ್‌ಗಳನ್ನು ಬಿಡಿಸಿದೆ. ಕಲರ್ಸ್ ಮೆನು, ಕಾಂಪೊನೆಂಟ್ಸ್, ಡಿಕಂಪೋಸ್. ಮೂರು ಕಪ್ಪು-ಬಿಳುಪು ಚಿತ್ರ ಸಿಗುತ್ತವೆ. ಅದರಲ್ಲಿ ಕೆಂಪಿನ ಚಿತ್ರ ಮಾತ್ರ ನೋಡಿದೆ. ಸರಿಯಿದ್ದರೆ ಅದರಲ್ಲಿ ಎಡಗಣ್ಣಿನ ಫೋಟೋ ಶುದ್ಧವಾಗಿ ಇರಬೇಕು, ಬೇರೇನೂ ಇರಬಾರದು. ನನ್ನದರಲ್ಲಿ ಎರಡು ಥರದ ಕೊಳೆ ಇತ್ತು. ಒಂದು, ಪ್ರತಿ ಕಂಬದ ಪಕ್ಕ ಬಲಗಣ್ಣಿನ ಕಂಬದ ಅಂಚು ತೆಳ್ಳಗೆ, ಚೌಕ ಚೌಕವಾಗಿ ಒಡೆದು ಕಾಣುತ್ತಿತ್ತು. ಇನ್ನೊಂದು ವಿಚಿತ್ರ: ಕಪ್ಪು ಮುಂಡಿಗೆಯ ಪಕ್ಕದಲ್ಲೇ ಅದರ ಬಿಳಿಚಿಕೊಂಡ ರೂಪ ಪೂರ್ತಿ ನಿಂತಿತ್ತು, ಹಳೇ ನೆಗೆಟಿವ್ ಫಿಲ್ಮಿನ ಹಾಗೆ. ಎರಡಕ್ಕೂ ಕಾರಣ ಬೇರೆ ಬೇರೆ ಅಂತ ತಿಳಿಯಲು ಎರಡು ರಾತ್ರಿ ಹಿಡಿಯಿತು. ಆ ಎರಡು ರಾತ್ರಿ ದಂಡವಾಗಲಿಲ್ಲ. ಇವತ್ತಿಗೂ ಕೆಂಪು ಚಾನೆಲ್ ಬಿಡಿಸಿ ನೋಡದೆ ನಾನು ಯಾವ ಅನಾಗ್ಲಿಫನ್ನೂ ಹಂಚುವುದಿಲ್ಲ.

ಬಿಳಿಚಿದ ಕಂಬದ ತಪ್ಪು ನನ್ನದೇ. ಅನಾಗ್ಲಿಫ್ ಮಾಡಿಯಾದ ಮೇಲೆ ಬಣ್ಣ ಸ್ವಲ್ಪ ಸಪ್ಪೆ ಅನ್ನಿಸಿ ಸ್ಯಾಚುರೇಶನ್, ಅಂದರೆ ಬಣ್ಣದ ಗಾಢತೆ, ಏರಿಸಿದ್ದೆ. ಸುಮ್ನೆ ಒಂದು ಗುಂಡಿ ಎಳೆದದ್ದು ಅಷ್ಟೇ. ಆದರೆ ಸ್ಯಾಚುರೇಶನ್ ಕೆಲಸ ಮಾಡುವುದೇ ಮೂರು ಚಾನೆಲ್‌ಗಳನ್ನು ಪರಸ್ಪರ ಹೋಲಿಸಿ. ಕೆಂಪು ಹೆಚ್ಚಿಸುವಾಗ ಆ ಜಾಗದ ಹಸಿರು, ನೀಲಿಯ ಪಾಲನ್ನು ಅದರಿಂದ ಕಳೆಯುತ್ತದೆ. ಹಸಿರು ನೀಲಿಯಲ್ಲಿ ಇರುವುದು ಬಲಗಣ್ಣಿನ ಫೋಟೋ. ಅಂದರೆ ಬಲಗಣ್ಣಿನ ಫೋಟೋ ಕಳೆದ ಲೆಕ್ಕದಲ್ಲಿ, ನೆಗೆಟಿವ್ ಆಗಿ, ಎಡಗಣ್ಣಿಗೆ ಬಂದು ಸೇರಿತು. ಹ್ಯೂ, ಅಂದರೆ ಬಣ್ಣದ ಛಾಯೆ, ಬದಲಿಸುವುದೂ ಹೀಗೆ ಕಲೆಸುತ್ತದೆ. ಕಲರ್ ಪ್ರೊಫೈಲ್ ಕೂಡ. ಈಗಿನ ಎಷ್ಟೋ ಫೋನುಗಳು ಫೋಟೋವನ್ನು ಡಿಸ್‌ಪ್ಲೇ ಪಿ3 ಅನ್ನುವ ಅಗಲವಾದ ಬಣ್ಣದ ಅಳತೆಯಲ್ಲಿ ಉಳಿಸುತ್ತವೆ. ಅನಾಗ್ಲಿಫ್ ಮಾಡಿದ ಮೇಲೆ ಅದನ್ನು ಎಸ್‌ಆರ್‌ಜಿಬಿ ಅನ್ನುವ ಮಾಮೂಲಿ ಅಳತೆಗೆ ಬದಲಿಸಿದರೆ ಆಗಲೂ ಒಂದು ಚಾನೆಲ್ಲಿನದು ಇನ್ನೊಂದಕ್ಕೆ ಹೋಗುತ್ತದೆ. ಹಾಗಾಗಿ ಎಸ್‌ಆರ್‌ಜಿಬಿಗೆ ತರುವುದು, ಬೆಳಕು ಸರಿ ಮಾಡುವುದು, ಬಣ್ಣ ಏರಿಸುವುದು, ಗಾತ್ರ ಇಳಿಸುವುದು, ಎಲ್ಲ ಮೊದಲು ಜೋಡಿಯ ಮೇಲೆ, ಎರಡಕ್ಕೂ ಒಂದೇ ಅಳತೆಯಲ್ಲಿ. ಅನಾಗ್ಲಿಫ್ ಮಾಡುವುದು ಕೊಟ್ಟ ಕೊನೆಗೆ. ಆಮೇಲೆ ಉಳಿಸುವುದು ಬಿಟ್ಟು ಬೇರೇನೂ ಮುಟ್ಟಬಾರದು.

ಚೌಕ ಚೌಕದ ಅಂಚು ಜೆಪೆಗ್‌ನ ಕೊಡುಗೆ. ಜೆಪೆಗ್ ಫೋಟೋವನ್ನು ಕೆಂಪು-ಹಸಿರು-ನೀಲಿಯಾಗಿ ಇಟ್ಟುಕೊಳ್ಳುವುದಿಲ್ಲ. ಬೆಳಕು ಒಂದು ಪದರ, ಬಣ್ಣ ಎರಡು ಪದರ ಅಂತ ಬೇರೆ ಮಾಡುತ್ತದೆ. ಮನುಷ್ಯನ ಕಣ್ಣಿಗೆ ಬೆಳಕಿನ ಸೂಕ್ಷ್ಮ ಜಾಸ್ತಿ, ಬಣ್ಣದ ಸೂಕ್ಷ್ಮ ಕಡಿಮೆ. ಅದಕ್ಕೇ ಸಾಮಾನ್ಯವಾಗಿ ಬಣ್ಣದ ಪದರಗಳನ್ನು ಅಡ್ಡಕ್ಕೂ ಉದ್ದಕ್ಕೂ ಅರ್ಧಕ್ಕೆ ಇಳಿಸುತ್ತದೆ, ಅಂದರೆ 4 ಚುಕ್ಕಿಗೆ (ಪಿಕ್ಸೆಲ್‌ಗೆ) 1 ಬಣ್ಣ. ಇದಕ್ಕೆ 4:2:0 ಸಬ್‌ಸ್ಯಾಂಪ್ಲಿಂಗ್ ಅನ್ನುತ್ತಾರೆ. ಅಷ್ಟಕ್ಕೇ ನಿಲ್ಲುವುದಿಲ್ಲ, ಉಳಿದ ಬಣ್ಣವನ್ನೂ ಬೆಳಕಿಗಿಂತ ಒರಟಾಗಿ ಉಳಿಸುತ್ತದೆ, ಮತ್ತು ಬಣ್ಣದ ಒಂದೊಂದು ಚೌಕ ಫೋಟೋದಲ್ಲಿ 16 ಚುಕ್ಕಿ ಅಗಲ, 16 ಚುಕ್ಕಿ ಎತ್ತರದಷ್ಟು ಜಾಗ ಆವರಿಸುತ್ತದೆ. ತೋಟದ ಫೋಟೋ, ಮದುವೆ ಫೋಟೋದಲ್ಲಿ ಇದು ಯಾರಿಗೂ ಗೊತ್ತಾಗುವುದಿಲ್ಲ. ಅನಾಗ್ಲಿಫ್‌ನಲ್ಲಿ ಮಾತ್ರ ಎಡಕ್ಕೂ ಬಲಕ್ಕೂ ಇರುವ ವ್ಯತ್ಯಾಸ ಬಹುಪಾಲು ಬಣ್ಣದಲ್ಲೇ ಇದೆ. ಬಣ್ಣ ಮಸುಕಾದರೆ ಎರಡು ಕಣ್ಣಿನ ಫೋಟೋಗಳ ನಡುವಿನ ಗೋಡೆಯೇ ಸೋರುತ್ತದೆ.

ನಾನು ಉಳಿಸುವಾಗಲೇ 80ರ ಗುಣಮಟ್ಟ, 4:2:0 ಇಟ್ಟಿದ್ದೆ. ಆಮೇಲೆ ಮೆಸೇಜ್ ಆ್ಯಪ್ ಗಾತ್ರ ಇಳಿಸಿ ಇನ್ನೊಮ್ಮೆ ಕುಗ್ಗಿಸಿತು. ಎರಡು ಸಲ ಸೋರಿದ್ದು.

ಈಗ ಒಂದೇ ಫೋಟೋವನ್ನು, ಜಗಲಿಯ ಮುಂಡಿಗೆಯದು, 1600 ಚುಕ್ಕಿ ಅಗಲದಲ್ಲಿ ಮೂರು ಥರ ಉಳಿಸಿ ನೋಡಿದೆ. ಪಿಎನ್‌ಜಿ ಏನನ್ನೂ ಬಿಸಾಕುವುದಿಲ್ಲ, ಕೆಂಪು ಚಾನೆಲ್ ಕನ್ನಡಿಯ ಹಾಗಿತ್ತು, ಆದರೆ ಸುಮಾರು ಮೂರೂವರೆ ಎಂಬಿ. ಹಳೇ ರೀತಿಯ ಜೆಪೆಗ್ 300 ಕೆಬಿ ಆಸುಪಾಸು, ಕೊಳೆಯ ಸಮೇತ. ಮೂರನೆಯದು ಗುಣಮಟ್ಟ 92, ಸಬ್‌ಸ್ಯಾಂಪ್ಲಿಂಗ್ 4:4:4, ಅಂದರೆ ಪ್ರತಿ ಚುಕ್ಕಿಗೂ ಅದರದೇ ಬಣ್ಣ. ಒಂದು ಎಂಬಿಗೆ ಸ್ವಲ್ಪ ಕಡಿಮೆ. ಕನ್ನಡಕ ಹಾಕಿ ನೋಡಿದರೆ ಪಿಎನ್‌ಜಿಗೂ ಇದಕ್ಕೂ ನನಗೆ ವ್ಯತ್ಯಾಸ ಸಿಗಲಿಲ್ಲ. ಜಿಂಪ್‌ನಲ್ಲಿ ಎಕ್ಸ್‌ಪೋರ್ಟ್ ಮಾಡುವಾಗ ಅಡ್ವಾನ್ಸ್ಡ್ ಆಪ್ಶನ್ಸ್ ಬಿಚ್ಚಿದರೆ ಸಬ್‌ಸ್ಯಾಂಪ್ಲಿಂಗ್ ಅಂತ ಒಂದು ಪಟ್ಟಿ ಇದೆ, ಅಲ್ಲಿ 4:4:4 ಆರಿಸಬೇಕು. ಗುಣಮಟ್ಟದ ಅಂಕಿ ಏರಿಸಿದರೆ ಸಾಕು ಅಂದುಕೊಂಡು ಈ ಪಟ್ಟಿಯನ್ನು ನೋಡದೆ ಬಿಡುವವರು ಜಾಸ್ತಿ, ನಾನೂ ಹಾಗೇ ಬಿಟ್ಟಿದ್ದೆ. ವೆಬ್‌ಪಿ ಬಗ್ಗೆ ಒಂದು ಮಾತು: ಅದರ ಕುಗ್ಗಿಸುವ ರೂಪದಲ್ಲಿ 4:2:0 ಒಂದೇ ದಾರಿ. ನಷ್ಟವಿಲ್ಲದ ವೆಬ್‌ಪಿ ಆದರೆ ಅಡ್ಡಿಯಿಲ್ಲ. ಜಿಫ್ ಅಂತೂ ಬೇಡವೇ ಬೇಡ, 256 ಬಣ್ಣಕ್ಕೆ ಇಳಿಸಿದರೆ ಎರಡು ಫೋಟೋ ಬೇರೆಯಾಗಿ ಉಳಿಯುವ ಮಾತೇ ಇಲ್ಲ.

ಇಲ್ಲೊಂದು ಸಮಾಧಾನದ ವಿಷಯ. ಮೂಲ ಜೋಡಿಯನ್ನು ನನ್ನ ಫೋನು ಸಾದಾ ಜೆಪೆಗ್ ಆಗಿ, 4:2:0ರಲ್ಲೇ ಉಳಿಸಿತ್ತು. ಅಲ್ಲಿಗೆ ಎಲ್ಲ ಹಾಳು ಅಂತ ಮೊದಲು ಹೆದರಿದ್ದೆ. ಹಾಗೇನಿಲ್ಲ. ಜೋಡಿಯ ಒಂದೊಂದು ಫೋಟೋ ಒಂದೇ ಕಣ್ಣಿನದು, ಅದರ ಬಣ್ಣ ತುಸು ಮಸುಕಾದರೂ ಇನ್ನೊಂದು ಕಣ್ಣಿಗೆ ಸೋರುವುದಿಲ್ಲ. ಕಾಳಜಿ ಬೇಕಾದದ್ದು ಎರಡನ್ನೂ ಸೇರಿಸಿದ ಗಳಿಗೆಯಿಂದ ಮುಂದಕ್ಕೆ.

ಕಳಿಸುವ ದಾರಿಯನ್ನೂ ಬದಲಿಸಿದೆ. ಗ್ರೂಪಿಗೆ ಫೋಟೋ ಅಂತ ಹಾಕದೆ ಡಾಕ್ಯುಮೆಂಟ್ ಅಂತ ಹಾಕಿದೆ, ಆಗ ಆ್ಯಪ್ ಫೈಲನ್ನು ಮುಟ್ಟದೆ ಹಾಗೇ ತಲುಪಿಸುತ್ತದೆ. ಕೆಲವು ಜಾಗದಲ್ಲಿ ಕುಗ್ಗಿಸುವುದನ್ನು ತಪ್ಪಿಸಲು ಆಗುವುದೇ ಇಲ್ಲ. ಅಲ್ಲಿ ಗಾತ್ರ ಇಳಿಸುವುದಿಲ್ಲ ಅಂತ ಖಾತ್ರಿಯಿದ್ದರೆ ಒಂದು ಉಪಾಯ ಇದೆ: 1600ರಲ್ಲಿ ನೋಡಬೇಕಾದ ಫೋಟೋವನ್ನು 3200ರಲ್ಲಿ ಹಾಕುವುದು. ಬಣ್ಣ ಅರ್ಧಕ್ಕೆ ಇಳಿದರೂ ನೋಡುವ ಗಾತ್ರಕ್ಕೆ ಪೂರ್ತಿ ಉಳಿದಿರುತ್ತದೆ. ಫೋಟೋ ಹಿಗ್ಗಿಸಿ ನೋಡಿದರೆ ಮಾತ್ರ ಸೋರಿದ್ದು ಕಾಣುತ್ತದೆ.

ಇಷ್ಟಾದ ಮೇಲೆ ಚಿಕ್ಕಪ್ಪನ ಕಂಬ ಒಂದೇ ಆಯಿತು. ಅತ್ತೆಯ ಕಣ್ಣುರಿ ಹಾಗೇ ಉಳಿಯಿತು.

ಇದಕ್ಕೆ ಕಾರಣ ನಮ್ಮ ಮಲೆನಾಡಿನ ಮನೆಯ ಬಣ್ಣ. ನಾನು ಈ ಕೆಲಸ ಕಲಿತದ್ದು ಇಕ್ಕೇರಿಯಲ್ಲಿ. ಅಘೋರೇಶ್ವರ ದೇವಸ್ಥಾನದ ಎದುರಿನ ನಂದಿ ಮಂಟಪ, ಕಮಾನುಗಳ ಒಳಗೆ ಕೂತ ದೊಡ್ಡ ನಂದಿ. ಆಳ ತೋರಿಸಲು ಅದಕ್ಕಿಂತ ಒಳ್ಳೆಯ ಜಾಗ ನಾನು ಕಂಡಿಲ್ಲ. ಅದೆಲ್ಲ ಬೂದು ಕಲ್ಲು. ಬೂದಿನಲ್ಲಿ ಕೆಂಪು, ಹಸಿರು, ನೀಲಿ ಮೂರೂ ಹೆಚ್ಚು ಕಡಿಮೆ ಸಮ, ಹಾಗಾಗಿ ಎರಡು ಕಣ್ಣಿಗೂ ಸಮ ಬೆಳಕು. ಅಲ್ಲಿ ಯಾವ ತೊಂದರೆಯೂ ಬಂದಿರಲಿಲ್ಲ. ಚಿಕ್ಕಪ್ಪನ ಮನೆಯಲ್ಲಿ ಕೆಂಪಿಲ್ಲದ ಜಾಗವೇ ಇಲ್ಲ. ತಿಕ್ಕಿ ತಿಕ್ಕಿ ಹೊಳೆಯುವ ಕೆಂಪು ಗಾರೆ ನೆಲ, ಮೇಲೆ ಮಂಗಳೂರು ಹೆಂಚು, ಹೊರಗೆ ಜಂಬಿಟ್ಟಿಗೆ ಕಟ್ಟೆ, ಹೊಸ್ತಿಲಿಗೆ ಕೆಮ್ಮಣ್ಣು.

ಆ ನೆಲದ ಒಂದು ಚುಕ್ಕಿಯನ್ನು 0ಯಿಂದ 255ರ ಅಳತೆಯಲ್ಲಿ ಅಳೆದೆ: ಕೆಂಪು 160, ಹಸಿರು 45, ನೀಲಿ 35. ಕನ್ನಡಕದೊಳಗಿಂದ ಎಡಗಣ್ಣಿಗೆ 160ರ ಬೆಳಗುವ ನೆಲ, ಬಲಗಣ್ಣಿಗೆ 45ರ ಕತ್ತಲೆ ನೆಲ. ಮಿದುಳಿಗೆ ಯಾವುದು ನಿಜ ಅಂತ ತೀರ್ಮಾನ ಆಗುವುದಿಲ್ಲ, ಒಮ್ಮೆ ಅದು ಒಮ್ಮೆ ಇದು ಅಂತ ತೊಯ್ದಾಡುತ್ತದೆ, ನೆಲ ಮಿಣಮಿಣ ಅನ್ನುತ್ತದೆ. ಅತ್ತೆ ಹೇಳಿದ ಉರಿ ಇದೇ.

ಇದಕ್ಕೆ ಬೇರೆ ಬೇರೆ ಸೂತ್ರಗಳಿವೆ. ಹಾಫ್ ಕಲರ್ ಅನ್ನುವ ವಿಧಾನದಲ್ಲಿ ಎಡ ಫೋಟೋವನ್ನು ಮೊದಲು ಕಪ್ಪು-ಬಿಳುಪು ಮಾಡಿ, ಆ ಬೂದನ್ನು ಕೆಂಪು ಚಾನೆಲ್ಲಿಗೆ ಹಾಕುತ್ತಾರೆ. ನಮ್ಮ ನೆಲಕ್ಕೆ ಲೆಕ್ಕ ಹಾಕಿದರೆ 160ರ 0.299 ಪಾಲು, 45ರ 0.587, 35ರ 0.114, ಕೂಡಿದರೆ 78. ಅಂದರೆ 160ಕ್ಕೆ 45 ಇದ್ದದ್ದು 78ಕ್ಕೆ 45 ಆಯಿತು. ಆಪ್ಟಿಮೈಸ್ಡ್ ಅಂತ ಇನ್ನೊಂದಿದೆ, ಅದು ಎಡ ಫೋಟೋದ ಕೆಂಪನ್ನು ಪೂರ್ತಿ ಬಿಟ್ಟು ಹಸಿರಿನ 0.7, ನೀಲಿಯ 0.3 ಪಾಲು ತೆಗೆದುಕೊಳ್ಳುತ್ತದೆ. ಲೆಕ್ಕಕ್ಕೆ 42. 42ಕ್ಕೆ 45, ಹತ್ತಿರ ಹತ್ತಿರ ಸಮ, ಕಣ್ಣಿಗೆ ತಂಪು. ದ್ಯುಬ್ವಾ ಅನ್ನುವವರ ಸೂತ್ರವೂ ಇದೆ, ಅದು ಕನ್ನಡಕದ ಹಾಳೆಯ ಗುಣವನ್ನೂ ಪರದೆಯ ಗುಣವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಸ್ಟೀರಿಯೋ ಫೋಟೋ ಮೇಕರ್ ಅನ್ನುವ ಉಚಿತ ಸಾಫ್ಟ್‌ವೇರ್‌ನಲ್ಲಿ ಇಂಥ ಕೆಲವು ವಿಧಾನ ಸಿದ್ಧವಾಗಿಯೇ ಇವೆ, ಒಂದೊಂದನ್ನೂ ಒತ್ತಿ ಕನ್ನಡಕದಲ್ಲಿ ನೋಡಬಹುದು.

ಕಣ್ಣಿಗೆ ತಂಪಾದದ್ದನ್ನೇ ಮೊದಲು ಕಳಿಸಿದೆ. ಚಿಕ್ಕಪ್ಪ ನೋಡಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ತಮ್ಮಾ, ನಮ್ಮನೆ ನೆಲ ಕೆಂಪಲ್ವಾ?" ಅಂದರು. ನಿಜ, ಆ ಸೂತ್ರದಲ್ಲಿ ನೆಲ ಮಣ್ಣು ಮೆತ್ತಿದ ಬೂದು ಆಗಿತ್ತು. ಆ ಮಾತು ನನಗೆ ನಾಟಿತು. ಅವರು ಆ ನೆಲದ ಮೇಲೆ ನಡೆಯಲು ಕಲಿತವರು. ಕೊನೆಗೆ ಒಳಗಿನ ಫೋಟೋಗಳಿಗೆಲ್ಲ ಹಾಫ್ ಕಲರ್ ಇಟ್ಟೆ. ನೆಲ ಕಂದುಗೆಂಪು ಕಾಣುತ್ತದೆ, ಅತ್ತೆಗೆ ಉರಿಯೂ ಇಲ್ಲ. ಲೆಕ್ಕದ ಪ್ರಕಾರ ಅತಿ ಒಳ್ಳೆಯದು ಅದಲ್ಲ, ಆದರೆ ಈ ಮನೆಗೆ ಅದೇ ಸರಿ. ತೋಟದ ಫೋಟೋಗಳಲ್ಲಿ ಹಸಿರೇ ಜಾಸ್ತಿ, ಅವಕ್ಕೆ ದ್ಯುಬ್ವಾ ಚೆನ್ನಾಗಿ ಹೊಂದಿತು.

ತೆಗೆದ ರೀತಿಯನ್ನೂ ಹೇಳಬೇಕು, ಕೆಲವು ಫೋಟೋ ಉಳಿದದ್ದೂ ಕೆಲವು ಬಿದ್ದದ್ದೂ ಅದರಿಂದಲೇ. ಒಂದೇ ಫೋನು, ಒಂದಾದ ಮೇಲೆ ಒಂದು ಎರಡು ಫೋಟೋ. ಎಡಗಾಲಿನ ಮೇಲೆ ಭಾರ ಹಾಕಿ ಒಂದು, ಬಲಗಾಲಿಗೆ ವಾಲಿ ಇನ್ನೊಂದು. ಎಷ್ಟು ಸರಿಯಬೇಕು ಅನ್ನುವುದಕ್ಕೆ ಹಳೆಯ ಅಂದಾಜು, ಅತಿ ಹತ್ತಿರದ ವಸ್ತುವಿನ ದೂರದ ಮೂವತ್ತನೇ ಒಂದು ಪಾಲು. ಮುಂಡಿಗೆ 2 ಮೀಟರ್ ದೂರ ಇದ್ದರೆ ಸುಮಾರು ಆರೂವರೆ ಸೆಂಟಿಮೀಟರ್, ಅದು ನಮ್ಮ ಎರಡು ಕಣ್ಣಿನ ನಡುವಿನ ಅಂತರವೂ ಹೌದು. ತೊಟ್ಟಿಯ ಆಚೆಯಿಂದ, 3 ಮೀಟರ್ ದೂರಕ್ಕೆ 10 ಸೆಂಟಿಮೀಟರ್. ಬೆಳಕು ಮತ್ತು ಫೋಕಸ್ ಎರಡೂ ಲಾಕ್ ಮಾಡಿದ್ದೆ, ಇಲ್ಲದಿದ್ದರೆ ಎರಡನೇ ಫೋಟೋ ಬೇರೆಯೇ ಬೆಳಕಲ್ಲಿ ಬರುತ್ತದೆ. ಕೈ ಸ್ವಲ್ಪ ಓರೆಯಾದದ್ದನ್ನೂ ಮೇಲೆ ಕೆಳಗಾದದ್ದನ್ನೂ ಸ್ಟೀರಿಯೋ ಫೋಟೋ ಮೇಕರ್ ತಾನೇ ಜೋಡಿಸಿ ಕೊಟ್ಟಿತು. ಆಮೇಲೆ ಹತ್ತಿರದ ಕಂಬ ಎರಡು ಫೋಟೋದಲ್ಲೂ ಒಂದೇ ಜಾಗಕ್ಕೆ ಬರುವ ಹಾಗೆ ಸರಿಸಿದೆ. ಆಗ ಕಂಬ ಪರದೆಯ ಮೇಲೆಯೇ ನಿಲ್ಲುತ್ತದೆ, ಉಳಿದ ಮನೆ ಅದರ ಹಿಂದೆ, ಕಿಟಕಿಯಲ್ಲಿ ನೋಡಿದ ಹಾಗೆ. ದೂರದ ಗೋಡೆಯ ವ್ಯತ್ಯಾಸ ಅಗಲದ ನೂರಕ್ಕೆ 3 ಪಾಲು ಮೀರದಂತೆ ನೋಡಿಕೊಂಡೆ.

ಹೊತ್ತು ಆರಿಸಿದ್ದು ಒಳ್ಳೆಯದಾಯಿತು. ಬೆಳಿಗ್ಗೆ 7ಕ್ಕೆ ಮೊದಲು, ಮಂಜು ಬಿದ್ದಿರುವಾಗ. ತೊಟ್ಟಿಯ ಮೇಲಿನಿಂದ ಬಿಸಿಲು ಬಿದ್ದರೆ ಕಪ್ಪು ಕಂಬದ ಹಿಂದೆ ಬೆಳ್ಳನೆ ಆಕಾಶ ಬರುತ್ತದೆ, ಅಂಥ ಅಂಚಿನಲ್ಲಿ ಎಷ್ಟು ಒಳ್ಳೆಯ ಫೈಲಾದರೂ ನೆರಳು ಕಾಣುತ್ತದೆ. ಅದಕ್ಕೆ ಹಾಳೆಯೇ ಕಾರಣ, ಅಗ್ಗದ ಹಾಳೆ ಸ್ವಲ್ಪ ಬೆಳಕು ಸೋರಿಸಿಯೇ ಸೋರಿಸುತ್ತದೆ. ಮಧ್ಯಾಹ್ನ ತೆಗೆದ ಅಡಿಕೆ ತೋಟದ ನಾಲ್ಕು ಜೋಡಿಗಳನ್ನು ಹೀಗೇ ಬಿಡಬೇಕಾಯಿತು. ತೆಳ್ಳನೆಯ ಮರಗಳು, ಹಿಂದೆ ಬಿಳಿ ಆಕಾಶ, ಜೊತೆಗೆ ಗಾಳಿಗೆ ಸೋಗೆ ಆಡಿ ಎರಡು ಫೋಟೋದಲ್ಲಿ ಎರಡು ಕಡೆ.

ನೋಡುವವರ ಫೋನಿನ ಬಗ್ಗೆ ಒಂದೇ ಮಾತು: ರಾತ್ರಿ ಪರದೆ ಹಳದಿ ಮಾಡುವ ಸೌಲಭ್ಯ ಆಫ್ ಮಾಡಿಡಬೇಕು. ಅದು ನೀಲಿಯನ್ನು ಕಡಿಮೆ ಮಾಡಿ ಬಲಗಣ್ಣನ್ನು ಮಂಕು ಮಾಡುತ್ತದೆ.

ದೊಡ್ಡಮ್ಮನ ಒಂದು ಕಣ್ಣು ಮೊದಲಿನಿಂದ ಮಂಜು. ಅವರಿಗೆ ಯಾವ ಕನ್ನಡಕವೂ ಕೆಲಸ ಮಾಡುವುದಿಲ್ಲ. ಅವರೊಬ್ಬರಿಗೆ ಅಂತ ಎಡ-ಬಲ ಎರಡನ್ನೂ ಒಂದಾದ ಮೇಲೊಂದು ಬದಲಾಗುತ್ತಿರುವ ಚಿತ್ರವಾಗಿ ಮಾಡಿ ಕಳಿಸಿದೆ. ಇಲ್ಲಿ ಎರಡು ಫೋಟೋ ಕಲೆಯುವುದೇ ಇಲ್ಲ, ಹಾಗಾಗಿ ಜಿಫ್ ಆದರೂ ಆಗುತ್ತದೆ. ಕಂಬ ಸರಿದಾಡಿ ಹಿಂದಿನ ಬಾಗಿಲು ಇಣುಕುತ್ತದೆ, ಒಂದು ಕಣ್ಣಿಗೂ ಆಳ ತಿಳಿಯುತ್ತದೆ. "ತುಳಸಿ ಕಟ್ಟೆ ಕಂಡ್ತು," ಅಂತ ಫೋನ್ ಮಾಡಿದರು. ತೊಟ್ಟಿಯ ಮೂಲೆಯಲ್ಲಿ ಕಂಬದ ಮರೆಗಿದ್ದ ತುಳಸಿ ಕಟ್ಟೆ ಅದು, ಬಲ ಫೋಟೋದಲ್ಲಿ ಮಾತ್ರ ಬಂದಿದೆ. ನಾನು ಗಮನಿಸಿಯೇ ಇರಲಿಲ್ಲ.

ಉಳಿಸಿಟ್ಟ ರೀತಿ ಹೀಗಿದೆ. ಪ್ರತಿ ದೃಶ್ಯಕ್ಕೆ ಒಂದು ಫೋಲ್ಡರ್: ಮುಟ್ಟದ ಮೂಲ ಎಡ, ಮೂಲ ಬಲ, ಜೋಡಿಸಿದ ಪೂರ್ಣ ಬಣ್ಣದ ಜೋಡಿ ಪಿಎನ್‌ಜಿಯಲ್ಲಿ, ಹಂಚುವ ಅನಾಗ್ಲಿಫ್ 4:4:4 ಜೆಪೆಗ್‌ನಲ್ಲಿ. ಅನಾಗ್ಲಿಫ್‌ನಿಂದ ಜೋಡಿಯನ್ನು ವಾಪಸ್ ಪಡೆಯಲು ಬರುವುದಿಲ್ಲ, ಎಡದ ಹಸಿರು ನೀಲಿ, ಬಲದ ಕೆಂಪು ಆಗಲೇ ಹೋಗಿರುತ್ತವೆ. ಜೋಡಿ ಇದ್ದರೆ ಮುಂದೆ ಬೇರೆ ಥರದ ಕನ್ನಡಕ ಬಂದರೂ ಮತ್ತೆ ಮಾಡಬಹುದು. ಒಂದು ಪ್ರತಿ ಚಿಕ್ಕಪ್ಪನ ಹತ್ತಿರ, ಒಂದು ನನ್ನ ಹತ್ತಿರ, ಒಂದು ಅತ್ತೆಯ ಮನೆಯಲ್ಲಿ.

ಒಟ್ಟು 31 ಜೋಡಿ ತೆಗೆದದ್ದು, 24 ಹಂಚುವ ಹಾಗೆ ಬಂದವು. ಅಡುಗೆಮನೆಯದು ಬರಲಿಲ್ಲ. ಒಲೆ ಉರಿಯುತ್ತಿತ್ತು, ಹೊಗೆ ಎರಡು ಫೋಟೋದ ನಡುವೆ ಜಾಗ ಬದಲಿಸಿತ್ತು, ಕನ್ನಡಕದಲ್ಲಿ ನೋಡಿದರೆ ಕೋಣೆಯ ಮಧ್ಯೆ ಕೆಂಪು ಒಂದು ಉಂಡೆ, ಸಯಾನ್ ಒಂದು ಉಂಡೆ. ಹೊಗೆ ಅಳಿಸಿಬಿಡು ಅಂತ ಅಣ್ಣ ಅಂದ. ಚಿಕ್ಕಮ್ಮ ಬೇಡ ಅಂದರು. ಆ ಜೋಡಿಯನ್ನು ಹಾಗೇ ಇಟ್ಟಿದ್ದೇನೆ, ಎಡದ ಫೋಟೋ ಒಂದನ್ನೇ ಸಾದಾ ಫೋಟೋವಾಗಿ ಗ್ರೂಪಿಗೆ ಹಾಕಿದೆ.